ನಮ್ಮ ಬಳಗ ಒಡೆದಾಗ ನಾನು ಮಾಡಿದ್ದು

2012ರ ಒಂದು ಸಂಜೆ, ನಮ್ಮ ಬಳಗಕ್ಕೆ ಹೊಸದಾಗಿ ಸೇರಿದ್ದ ಒಬ್ಬರು ತಮ್ಮ ಟರ್ಮಿನಲ್‌ನ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯ ಚಿತ್ರವೊಂದನ್ನು ಹಾಕಿದರು. ಎಫ್‌ಎಫ್‌ಎಂಪೆಗ್ ಅಂದರೆ ವಿಡಿಯೋ, ಆಡಿಯೋ ಫೈಲ್‌ಗಳನ್ನು ಪರಿವರ್ತಿಸುವ ಮುಕ್ತ ತಂತ್ರಾಂಶ. ಆಗ ಲಿನಕ್ಸ್‌ನ ಉಬುಂಟು 12.04ರಲ್ಲಿ ಎಫ್‌ಎಫ್‌ಎಂಪೆಗ್ ಕಮಾಂಡ್ ಕೊಟ್ಟರೆ ಒಂದು ಎಚ್ಚರಿಕೆ ಬರುತ್ತಿತ್ತು. ಈ ಪ್ರೋಗ್ರಾಂ ಹಳತಾಗಿದೆ, ಹಳೆಯ ಸ್ಕ್ರಿಪ್ಟ್‌ಗಳು ನಡೆಯಲಿ ಅಂತ ಮಾತ್ರ ಇಟ್ಟಿದ್ದೇವೆ, ಮುಂದೆ ತೆಗೆದುಹಾಕುತ್ತೇವೆ, ಬದಲಿಗೆ ಎವಿಕಾನ್ವ್ ಅನ್ನುವ ಕಮಾಂಡ್ ಬಳಸಿ ಅಂತ ಅದರ ಒಟ್ಟು ಅರ್ಥ. ಅವರು ಕೇಳಿದ್ದು ಎರಡೇ ಸಾಲು: “ಎಫ್‌ಎಫ್‌ಎಂಪೆಗ್ ನಿಂತುಹೋಯಿತಾ? ನನಗೊಂದು ವಿಡಿಯೋ ಫೈಲ್ ಚಿಕ್ಕದು ಮಾಡಬೇಕಿತ್ತು, ಈಗ ಏನು ಬಳಸಲಿ?”

ಹತ್ತು ನಿಮಿಷದಲ್ಲಿ ಎರಡು ಉತ್ತರ ಬಂದವು. ಒಬ್ಬರು “ಹೌದು, ಇನ್ನು ಎವಿಕಾನ್ವ್ ಕಲಿತುಕೊಳ್ಳಿ” ಅಂದರು. ಇನ್ನೊಬ್ಬರು “ಶುದ್ಧ ಸುಳ್ಳು, ಎಫ್‌ಎಫ್‌ಎಂಪೆಗ್ ಗಟ್ಟಿಮುಟ್ಟಾಗಿದೆ, ಆ ಎಚ್ಚರಿಕೆ ಬರೆದವರೇ ಎದುರು ಬಣದವರು” ಅಂದರು. ನಾವು ಮಲಗುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಮೆಸೇಜ್ ಆಗಿದ್ದವು. ಕೇಳಿದವರ ಫೈಲ್ ಮಾತ್ರ ಚಿಕ್ಕದಾಗಲಿಲ್ಲ. ಅವರು ಮತ್ತೆ ನಮ್ಮ ಬಳಗದ ಕಡೆ ತಲೆ ಹಾಕಲೂ ಇಲ್ಲ.

ಆಗ ಆ ಬಳಗವನ್ನು ನೋಡಿಕೊಳ್ಳುತ್ತಿದ್ದವನು ನಾನು. ಲಿನಕ್ಸ್‌ನಲ್ಲಿ ವಿಡಿಯೋ, ಆಡಿಯೋ ಕೆಲಸ ಮಾಡುವವರು ಒಬ್ಬರಿಗೊಬ್ಬರು ನೆರವಾಗಲಿ ಅಂತ ಕಟ್ಟಿಕೊಂಡ ಗುಂಪು ಅದು. ನಮ್ಮಲ್ಲಿ ಯಾರೂ ಎಫ್‌ಎಫ್‌ಎಂಪೆಗ್‌ನ ಕೋಡ್ ಬರೆದವರಲ್ಲ. ಎಲ್ಲರೂ ಬಳಸುವವರು ಅಷ್ಟೇ. ಹಾಗಿದ್ದರೂ ಎಲ್ಲೋ ದೂರದಲ್ಲಿ ಡೆವಲಪರ್‌ಗಳ ನಡುವೆ ಎದ್ದ ಜಗಳ ನಮ್ಮೊಳಗೆ ಬಂದು ಕೂತಿತು.

ಆ ಜಗಳದ ಹಿನ್ನೆಲೆ ಇಷ್ಟು. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರುಮಾಡಿದ ಎಫ್‌ಎಫ್‌ಎಂಪೆಗ್ ಹತ್ತು ವರ್ಷದಲ್ಲಿ ಎಲ್ಲರ ಕೈಯಲ್ಲೂ ಓಡಾಡುವ ಉಪಕರಣವಾಗಿತ್ತು. ವಿಎಲ್‌ಸಿಯಂಥ ಪ್ಲೇಯರ್‌ಗಳ ಒಳಗೂ ಅದರ ಲೈಬ್ರರಿಗಳೇ ಇದ್ದವು. 2011ರ ಜನವರಿಯಲ್ಲಿ, ಯೋಜನೆಯನ್ನು ನಡೆಸುವ ರೀತಿ ಸರಿಯಿಲ್ಲ ಅಂತ ಡೆವಲಪರ್‌ಗಳ ಒಂದು ಗುಂಪು ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಮಾರ್ಚ್ ಹೊತ್ತಿಗೆ ಆ ಗುಂಪು ಲಿಬ್‌ಎವಿ ಅನ್ನುವ ಹೆಸರಿನಲ್ಲಿ ಬೇರೆಯಾಯಿತು. ಉಬುಂಟುವಿಗೆ ಆಧಾರವಾದ ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಆ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಲಿಬ್‌ಎವಿ ಕಡೆಗಿದ್ದರು. ಹಾಗಾಗಿ ಡೆಬಿಯನ್, ಉಬುಂಟು ಎರಡರಲ್ಲೂ ಸಿಗುತ್ತಿದ್ದದ್ದು ಲಿಬ್‌ಎವಿಯೇ. ಬಳಕೆದಾರ ಟೈಪ್ ಮಾಡುತ್ತಿದ್ದದ್ದು ಎಫ್‌ಎಫ್‌ಎಂಪೆಗ್ ಅಂತ, ಒಳಗಿನಿಂದ ಉತ್ತರ ಕೊಡುತ್ತಿದ್ದದ್ದು ಲಿಬ್‌ಎವಿ. ಆ ಎಚ್ಚರಿಕೆಯೂ ಅದರದ್ದೇ. ಹಳತಾಗಿದ್ದದ್ದು ಹಳೆಯ ಹೆಸರಿನಲ್ಲಿ ಅವರು ಉಳಿಸಿಕೊಂಡಿದ್ದ ಆ ಕಮಾಂಡ್ ಮಾತ್ರ. ಓದಿದವರಿಗೆ ಇಡೀ ಎಫ್‌ಎಫ್‌ಎಂಪೆಗ್ ಮುಗಿದೇಹೋಯಿತು ಅನ್ನಿಸುತ್ತಿತ್ತು.

ಯಾವ ಬಣ ಸರಿ ಅನ್ನುವುದರ ಬಗ್ಗೆ ನಾನು ತೀರ್ಪು ಕೊಡಲು ಹೋಗುವುದಿಲ್ಲ. ಎರಡೂ ಕಡೆ ವರ್ಷಗಟ್ಟಲೆ ದುಡಿದವರಿದ್ದರು. ನನ್ನ ಕೈಯಲ್ಲಿ ಇದ್ದದ್ದು ನಮ್ಮ ಬಳಗ ಮಾತ್ರ. ಅದನ್ನು ನಾನು ಕೆಟ್ಟದಾಗಿ ನಿಭಾಯಿಸಿದೆ.

ಒಗ್ಗಟ್ಟು ಉಳಿಯಬೇಕಾದರೆ ಜಗಳ ನಿಲ್ಲಬೇಕು ಅಂತ ಆಗ ನಂಬಿದ್ದೆ. “ಯಾವುದು ಮೇಲು ಅನ್ನುವ ಚರ್ಚೆ ಇಲ್ಲಿ ಬೇಡ, ಡಿಸ್ಟ್ರೋ ಕೊಟ್ಟದ್ದನ್ನೇ ಬಳಸೋಣ” ಅಂತ ಒಂದು ನಿಯಮ ಮಾಡಿದೆ. ಡಿಸ್ಟ್ರೋ ಅಂದರೆ ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಗೆ, ಹಾಗಾಗಿ ಅದು ಕೊಡುತ್ತಿದ್ದದ್ದು ಲಿಬ್‌ಎವಿಯೇ. ಮೀರಿದವರ ಮೆಸೇಜ್ ಅಳಿಸುತ್ತಾ ಹೋದೆ. ಎರಡು ವಾರ ಬಳಗ ತಣ್ಣಗಿತ್ತು. ಮೂರನೇ ವಾರ ಏಳು ಜನ ಎದ್ದುಹೋಗಿ ಬೇರೆ ಗುಂಪು ಮಾಡಿಕೊಂಡರು. ಇನ್ನೂರಕ್ಕೂ ಹೆಚ್ಚು ಜನರಿದ್ದ ಕಡೆ ಏಳು ಜನ ಯಾವ ಲೆಕ್ಕ ಅಂತ ಸಮಾಧಾನ ಮಾಡಿಕೊಂಡೆ. ಒಂದು ತಿಂಗಳಲ್ಲಿ ನಿಜ ಗೊತ್ತಾಯಿತು. ಬಳಗದಲ್ಲಿ ಪ್ರಶ್ನೆ ಕೇಳುವವರು ಇನ್ನೂರು ಜನ, ಉತ್ತರ ಕೊಡುವವರು ಹನ್ನೆರಡು ಜನ. ಎದ್ದುಹೋದ ಏಳೂ ಜನ ಆ ಹನ್ನೆರಡರಲ್ಲಿದ್ದರು. ಕೆಲಸದ ಬಗ್ಗೆ ಅಕ್ಕರೆ ಇದ್ದವರೇ ಜಗಳವನ್ನೂ ಆಡುತ್ತಾರೆ. ಅಕ್ಕರೆ ಇಲ್ಲದವರು ಸುಮ್ಮನೆ ಓದಿಕೊಂಡು ಹೋಗುತ್ತಾರೆ. ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು.

ಆ ದಿನಗಳಲ್ಲಿ ನನಗೆ ಅರ್ಥವಾಗದೆ ಹೋದ ಇನ್ನೊಂದು ಸಂಗತಿ ಇದೆ. ಕೋಡ್ ಕವಲೊಡೆಯುವುದಕ್ಕೂ ಬಳಕೆದಾರರ ಗುಂಪು ಒಡೆಯುವುದಕ್ಕೂ ತುಂಬಾ ವ್ಯತ್ಯಾಸವಿದೆ. ಕೋಡ್ ಕವಲೊಡೆದರೆ ಎರಡೂ ಕಡೆಯವರ ಬಳಿ ಪೂರ್ತಿ ಪ್ರತಿ ಇರುತ್ತದೆ. ಅದು ಪರವಾನಗಿ ಕೊಟ್ಟ ಹಕ್ಕು, ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಗುಂಪು ಒಡೆದರೆ ಹಾಗಲ್ಲ. ಸದ್ದು ಮತ್ತು ಚಿತ್ರ ಹೊಂದದೆ ಹೋದಾಗ ಸರಿಮಾಡಲು ಗೊತ್ತಿರುವ ಮನುಷ್ಯ ಒಬ್ಬನೇ. ಅವನು ಯಾವ ಗುಂಪಿಗೆ ಹೋದನೋ ಆ ವಿದ್ಯೆಯೂ ಅಲ್ಲಿಗೇ ಹೋಯಿತು. ಅವನ ಪ್ರತಿ ತೆಗೆಯಲು ಬರುವುದಿಲ್ಲ.

ಇದು ನನಗೆ ಮನದಟ್ಟಾದದ್ದು 2013ರ ಮಧ್ಯದಲ್ಲಿ, ಒಬ್ಬ ಮೇಷ್ಟ್ರಿಂದ. ಅವರ ಪಾಠದ ರೆಕಾರ್ಡಿಂಗ್ ನಾಲ್ಕು ಎಂಪಿ4 ತುಣುಕುಗಳಾಗಿತ್ತು. ಕ್ಯಾಮೆರಾ ತಾನೇ ಹಾಗೆ ಕತ್ತರಿಸಿಕೊಟ್ಟಿತ್ತು. ನಾಲ್ಕನ್ನೂ ಸೇರಿಸಿ ಒಂದು ಫೈಲ್ ಮಾಡಿಕೊಡಿ ಅಂದರು. ನಾವು ಹೆಸರುಗಳನ್ನು ಸಾಲಾಗಿ ಕೊಟ್ಟು ಜೋಡಿಸುವ ಕಾನ್‌ಕ್ಯಾಟ್ ಪ್ರೋಟೋಕಾಲ್ ಹೇಳಿಕೊಟ್ಟೆವು. ಅದು ಹಳೆಯ ಎಂಪೆಗ್ ಫೈಲ್‌ಗಳಿಗೆ ಸರಿಹೋಗುತ್ತದೆ, ಎಂಪಿ4ಗೆ ಆಗುವುದಿಲ್ಲ. ಎಂಪಿ4 ಫೈಲ್ ತನ್ನ ಸೂಚಿಯನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ಬರೀ ಬೆನ್ನಿಗೆ ಬೆನ್ನು ಅಂಟಿಸಿದರೆ ಮೊದಲ ತುಣುಕು ಮಾತ್ರ ಕಾಣುತ್ತದೆ. ಮೇಷ್ಟ್ರಿಗೂ ಹಾಗೇ ಆಯಿತು. ಆಮೇಲೆ ನಾವು ನಾಲ್ಕನ್ನೂ ಬೇರೆ ರೂಪಕ್ಕೆ ಪರಿವರ್ತಿಸಿ ಸೇರಿಸಿ ಅಂದೆವು, ನಮಗೆ ಗೊತ್ತಿದ್ದದ್ದೇ ಅಷ್ಟು. ಅವರ ಹಳೆಯ ಕಂಪ್ಯೂಟರ್ ಎರಡು ರಾತ್ರಿ ಪೂರ್ತಿ ಓಡಿತು. ಚಿತ್ರದ ಗುಣಮಟ್ಟ ಇಳಿದು, ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳು ಮಸುಕಾದವು.

ಅದೇ ಪ್ರಶ್ನೆಗೆ ಸರಿಯಾದ ಉತ್ತರ ಒಂದು ವಾರದ ಹಿಂದೆಯೇ ಆ ಇನ್ನೊಂದು ಗುಂಪಿನಲ್ಲಿ ಬಂದುಹೋಗಿತ್ತು. ಎಫ್‌ಎಫ್‌ಎಂಪೆಗ್‌ನ 1.1ನೇ ಆವೃತ್ತಿಗೆ ಕಾನ್‌ಕ್ಯಾಟ್ ಡಿಮಕ್ಸರ್ ಅನ್ನುವ ಹೊಸ ಸೌಲಭ್ಯ ಬಂದಿತ್ತು. ಫೈಲ್‌ಗಳ ಹೆಸರನ್ನು ಒಂದು ಪಠ್ಯ ಕಡತದಲ್ಲಿ ಸಾಲಾಗಿ ಬರೆದುಕೊಟ್ಟರೆ ಸಾಕು, ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡದೆ ಹಾಗೇ ನಕಲಿಸಿ ಸೇರಿಸಿಕೊಡುತ್ತದೆ. ಒಂದೆರಡು ನಿಮಿಷದ ಕೆಲಸ. ಲಿಬ್‌ಎವಿಯಲ್ಲಿ ಅದು ಇರಲಿಲ್ಲ. ನಮ್ಮ ಬಳಗದಲ್ಲಿ ಎಫ್‌ಎಫ್‌ಎಂಪೆಗ್ ಸುದ್ದಿ ಎತ್ತಬಾರದು ಅಂತ ನಾನೇ ನಿಯಮ ಮಾಡಿದ್ದರಿಂದ ಯಾರಿಗೂ ಅದು ಗೊತ್ತೇ ಇರಲಿಲ್ಲ.

ಆ ಮಸುಕಾದ ವಿಡಿಯೋ ನೋಡಿ ನನಗೆ ತುಂಬಾ ಬೇಸರವಾಯಿತು. ಎದ್ದುಹೋದ ಏಳು ಜನರಲ್ಲಿ ಹಿರಿಯರೊಬ್ಬರಿದ್ದರು. ಅವರಿಗೆ ಫೋನ್ ಮಾಡಿದೆ. “ಸರ್, ಗುಂಪು ಒಂದು ಮಾಡೋಣ ಅಂತ ಕೇಳೋಕೆ ಮಾಡಿಲ್ಲ. ಮೇಷ್ಟ್ರು ಒಬ್ಬರಿಗೆ ನಮ್ಮಿಂದ ತಪ್ಪು ದಾರಿ ಆಯ್ತು, ನಿಮ್ಮ ಹತ್ರ ಸರಿ ಉತ್ತರ ಇತ್ತು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಿರಲಿ, ನನ್ನ ಮೆಸೇಜ್ ಯಾಕೆ ಅಳಿಸಿದ್ರಿ, ಅದನ್ನ ಮೊದಲು ಹೇಳಿ” ಅಂದರು. ವರ್ಷವಾಗುತ್ತಾ ಬಂದಿದ್ದರೂ ಅವರ ಮನಸ್ಸಿನಲ್ಲಿದ್ದದ್ದು ಅದೊಂದೇ. ಎಫ್‌ಎಫ್‌ಎಂಪೆಗ್, ಲಿಬ್‌ಎವಿ ಎರಡೂ ಆ ಮಾತುಕತೆಯಲ್ಲಿ ಬರಲೇ ಇಲ್ಲ. ತಪ್ಪಾಯಿತು ಅಂತ ಹೇಳಿದೆ. ಅಳಿಸಿದ ಮೆಸೇಜ್‌ಗಳ ಪ್ರತಿ ನನ್ನ ಇಮೇಲ್‌ನಲ್ಲಿ ಉಳಿದಿದ್ದವು. ಒಟ್ಟು ಹನ್ನೊಂದು. ಎಲ್ಲವನ್ನೂ ಅವರವರ ಹೆಸರು, ತಾರೀಖಿನ ಸಮೇತ ಮತ್ತೆ ಹಾಕಿ, ಯಾಕೆ ಹಾಕುತ್ತಿದ್ದೇನೆ ಅಂತ ಮೇಲೆ ನಾಲ್ಕು ಸಾಲು ಬರೆದೆ. ನಮ್ಮವರಲ್ಲೇ ಕೆಲವರಿಗೆ ಇದು ಇಷ್ಟವಾಗಲಿಲ್ಲ. ಇಷ್ಟು ಮಾಡದೆ ಮುಂದಿನ ಮಾತು ಸಾಧ್ಯವಿರಲಿಲ್ಲ.

ಮುಂದೆ ಏನು ಮಾಡಬೇಕು ಅನ್ನುವುದಕ್ಕೆ ದಾರಿ ಸಿಕ್ಕಿದ್ದು ಎಫ್‌ಎಫ್‌ಎಂಪೆಗ್‌ನಿಂದಲೇ. ಅಲ್ಲಿನ ಮುಖ್ಯಸ್ಥರಾಗಿದ್ದ ಮೈಕೆಲ್ ನೀಡರ್‌ಮೇಯರ್, ಬೇರೆಯಾಗಿ ಹೋದವರ ಕೆಲಸವನ್ನೂ ಬಿಡದೆ ಎಫ್‌ಎಫ್‌ಎಂಪೆಗ್‌ಗೆ ಸೇರಿಸಿಕೊಳ್ಳುತ್ತಿದ್ದರು. ಲಿಬ್‌ಎವಿಯಲ್ಲಿ ಆದ ಬದಲಾವಣೆಗಳು ದಿನದಿನವೂ ಈ ಕಡೆಗೆ ಬರುತ್ತಿದ್ದವು. ಎರಡರ ಮೂಲ ಪರವಾನಗಿಯೂ ಎಲ್‌ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯೇ ಆಗಿದ್ದರಿಂದ ಅದಕ್ಕೆ ಅಡ್ಡಿ ಇರಲಿಲ್ಲ. ಬಳಕೆದಾರನ ಪಾಲಿಗೆ ಅದರ ಫಲ ದೊಡ್ಡದು. ಎಫ್‌ಎಫ್‌ಎಂಪೆಗ್ ಬಳಸಿದವನಿಗೆ ಎರಡೂ ಕಡೆಯ ದುಡಿಮೆ ಸಿಗುತ್ತಿತ್ತು. ಎದುರಿನವರು ವಾಪಸ್ ಬರಲಿ ಅಂತ ಕಾಯದೆ, ಅವರ ಕೆಲಸವನ್ನು ಗೌರವದಿಂದ ಎತ್ತಿಕೊಳ್ಳುವುದು ನಮ್ಮಿಂದಲೂ ಆಗುವ ಕೆಲಸ ಅನ್ನಿಸಿತು.

ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂತು ಆ ಗುಂಪಿನ ವಾರದ ಉತ್ತರಗಳನ್ನು ಓದಲು ಶುರುಮಾಡಿದೆ. ಉಪಯೋಗಕ್ಕೆ ಬರುವಂಥದ್ದನ್ನು ಬರೆದವರ ಒಪ್ಪಿಗೆ ಕೇಳಿ, ಅವರ ಹೆಸರಿನಲ್ಲೇ ಗಿಟ್‌ನಲ್ಲಿ, ಅಂದರೆ ಫೈಲ್‌ಗಳ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶದಲ್ಲಿ, ಒಂದು ಕಣಜಕ್ಕೆ ಸೇರಿಸುತ್ತಾ ಹೋದೆ. ಅದನ್ನು ನಾವು ಉತ್ತರಗಳ ಕಣಜ ಅಂತಲೇ ಕರೆದೆವು. ಬರೀ ಪಠ್ಯ ಕಡತಗಳು. ಒಂದೊಂದರಲ್ಲೂ ಕೇಳಿದವರ ಮಾತಿನಲ್ಲೇ ಪ್ರಶ್ನೆ, ಕೊಟ್ಟ ಕಮಾಂಡ್, ಅದನ್ನು ಯಾವಾಗ ಯಾರು ಓಡಿಸಿ ನೋಡಿದರು ಅನ್ನುವ ವಿವರ. ಮೊದಲ ನಾಲ್ಕು ತಿಂಗಳು ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಐದನೇ ತಿಂಗಳು ಅವರಲ್ಲೊಬ್ಬರು ನಮ್ಮ ಕಡೆಯ ಉತ್ತರವೊಂದರ ತಪ್ಪು ತಿದ್ದಿ ಕಳಿಸಿದರು.

ಆ ತಿದ್ದುಪಡಿ ಇದ್ದದ್ದು ಸೇಮ್‌ಕ್ಯೂ ಅನ್ನುವ ಆಯ್ಕೆಯ ಬಗ್ಗೆ. ಅದನ್ನು ಕೊಟ್ಟರೆ ಗುಣಮಟ್ಟ ಮೂಲದಷ್ಟೇ ಉಳಿಯುತ್ತದೆ ಅಂತ ಎರಡೂ ಗುಂಪಿನವರು ಹೊಸಬರಿಗೆ ಹೇಳಿಕೊಂಡು ಬಂದಿದ್ದರು. ಆ ಕ್ಯೂ ಅಕ್ಷರ ಕ್ವಾಲಿಟಿಯದಲ್ಲ, ಕ್ವಾಂಟೈಸರ್‌ನದು. ಮೂಲ ಫೈಲಿನ ಒಂದು ಆಂತರಿಕ ಅಂಕಿಯನ್ನು ಹೊಸ ಫೈಲಿಗೆ ನಕಲಿಸುತ್ತದೆ, ಕೋಡೆಕ್, ಅಂದರೆ ವಿಡಿಯೋ ಅಡಕಮಾಡುವ ವಿಧಾನ, ಬೇರೆಯಾದರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ. ಎಫ್‌ಎಫ್‌ಎಂಪೆಗ್‌ನವರು ಕೊನೆಗೆ ಆ ಆಯ್ಕೆಯನ್ನೇ ತೆಗೆದುಹಾಕಿದರು. ಎರಡು ಬಣವೂ ಸೇರಿ ಒಂದೇ ತಪ್ಪನ್ನು ಹೇಳುತ್ತಿದ್ದದ್ದು ಹೀಗೆ ಎದುರುಬದುರು ಇಟ್ಟು ಓದಿದಾಗಲೇ ಕಂಡದ್ದು.

ಕಣಜಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಕಮಾಂಡ್ ಕೊಟ್ಟಾಗ ಬರುವ ಮೊದಲ ಸಾಲು ಇಲ್ಲದೆ ಯಾವ ಪ್ರಶ್ನೆಯನ್ನೂ, ಯಾವ ಉತ್ತರವನ್ನೂ ಸೇರಿಸುವಂತಿಲ್ಲ. ಆ ಸಾಲಿನಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಅದರ ಪಕ್ಕದಲ್ಲೇ ಹಕ್ಕುಸ್ವಾಮ್ಯ ಯಾರದ್ದು ಅಂತ ಇರುತ್ತದೆ: ಎಫ್‌ಎಫ್‌ಎಂಪೆಗ್ ಡೆವಲಪರ್‌ಗಳದ್ದೋ, ಲಿಬ್‌ಎವಿ ಡೆವಲಪರ್‌ಗಳದ್ದೋ. ಕಮಾಂಡಿನ ಹೆಸರು ಒಂದೇ ಆಗಿದ್ದಾಗ ಯಾರ ಜೊತೆ ಮಾತಾಡುತ್ತಿದ್ದೇವೆ ಅನ್ನುವುದಕ್ಕೆ ಆ ಸಾಲೇ ಗುರುತು. “ಮೊದಲ ಸಾಲು ಕಳಿಸಿ” ಅನ್ನುವುದು ನಮ್ಮಲ್ಲಿ ರೂಢಿಯ ಮಾತಾಯಿತು. ಅರ್ಧಕ್ಕರ್ಧ ವಾದಗಳು ಅಲ್ಲಿಗೇ ನಿಂತವು. ಒಬ್ಬರಿಗೆ ನಡೆದದ್ದು ಇನ್ನೊಬ್ಬರಿಗೆ ನಡೆಯದಿದ್ದರೆ ಕಾರಣ ಕಣ್ಣೆದುರೇ ಇರುತ್ತಿತ್ತು. ಉತ್ತರಗಳು ಬೇರೆಯಾದರೆ ಎರಡನ್ನೂ ಒಂದರ ಕೆಳಗೊಂದು ಇಡುತ್ತಿದ್ದೆವು. ಯಾವುದು ಮೇಲು ಅಂತ ಬರೆಯುತ್ತಿರಲಿಲ್ಲ, ಯಾವುದು ಎಲ್ಲಿ ನಡೆಯುತ್ತದೆ ಅಂತ ಬರೆಯುತ್ತಿದ್ದೆವು.

ಕಣಜಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಪರವಾನಗಿ ಇರಲಿ ಅಂದದ್ದು ಆ ಹಿರಿಯರು. ಯಾರು ಬೇಕಾದರೂ ಪೂರ್ತಿ ಕಣಜವನ್ನು ಹೊತ್ತುಕೊಂಡು ಹೋಗಿ ಬೇರೆ ಮನೆ ಮಾಡಬಹುದು, ಬರೆದವರ ಹೆಸರು ಉಳಿಸಬೇಕು, ಬದಲಿಸಿದ್ದನ್ನು ಹಂಚುವಾಗ ಅದೇ ಪರವಾನಗಿಯಲ್ಲಿ ಹಂಚಬೇಕು. ಬಿಟ್ಟುಹೋಗುವ ಹಕ್ಕನ್ನು ಮೊದಲೇ ಬರೆದುಕೊಡುವುದೇ ಅಂತ ನಮ್ಮವರೊಬ್ಬರು ಹಿಂಜರಿದರು. ನಾನು ಅವರಿಗೆ ಜಿಸಿಸಿಯ ಕಥೆ ಹೇಳಿದೆ, ಅದು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್. 1997ರಲ್ಲಿ ಆ ಕಂಪೈಲರ್‌ನಿಂದ ಇಜಿಸಿಎಸ್ ಅಂತ ಒಂದು ಕವಲು ಹೊರಟಿತು. ಎರಡೂ ಕಡೆ ಅದೇ ಪರವಾನಗಿ ಉಳಿದಿತ್ತು. 1999ರಲ್ಲಿ ಆ ಕವಲನ್ನೇ ಅಧಿಕೃತ ಜಿಸಿಸಿ ಅಂತ ಒಪ್ಪಿಕೊಂಡರು. ದಾರಿ ತೆರೆದಿದ್ದರಿಂದ ವಾಪಸ್ ಬರಲೂ ಆಯಿತು. ಕಚೇರಿ ಕೆಲಸದ ತಂತ್ರಾಂಶಗಳಾದ ಲಿಬ್ರೆಆಫೀಸ್, ಓಪನ್‌ಆಫೀಸ್ ವಿಷಯದಲ್ಲಿ ಅದು ಆಗಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಬೇರೆಯಾದ ಲಿಬ್ರೆಆಫೀಸ್, ಅಪಾಚೆ ಸಂಸ್ಥೆಗೆ ಹೋದ ಓಪನ್‌ಆಫೀಸ್‌ನ ಕೋಡನ್ನು ತೆಗೆದುಕೊಳ್ಳಬಹುದು. ಪರವಾನಗಿ ಬೇರೆಯಾದ್ದರಿಂದ ಆ ಕಡೆಯವರು ಇಲ್ಲಿಂದ ತೆಗೆದುಕೊಳ್ಳುವಂತಿಲ್ಲ. ದಾರಿ ಒಮ್ಮುಖವಾಯಿತು. ಹೆಸರು ಗೊತ್ತಿದೆ ಅಂತ ಓಪನ್‌ಆಫೀಸ್ ಇಳಿಸಿಕೊಂಡು, ಲಿಬ್ರೆಆಫೀಸ್‌ನಲ್ಲಿ ಎಂದೋ ಸರಿಹೋದ ತೊಂದರೆಗೆ ಪರಿಹಾರ ಕೇಳುವ ಬಳಕೆದಾರರನ್ನು ನಾನು ಈಗಲೂ ಕಾಣುತ್ತೇನೆ.

ಕೀಲಿಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಬಳಗದ ಡೊಮೇನ್ ನನ್ನ ಹೆಸರಿನಲ್ಲಿತ್ತು, ಸರ್ವರ್‌ನ ಪಾಸ್‌ವರ್ಡ್ ನನ್ನೊಬ್ಬನ ಬಳಿ ಇತ್ತು, ಹೊಸಬರನ್ನು ಸೇರಿಸುವ ಅಧಿಕಾರವೂ ನನ್ನದೇ. ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನನಗೆ ಜ್ವರ ಬಂದು ಹತ್ತು ದಿನ ಮಲಗಿದಾಗ ಸರ್ವರ್ ನಿಂತು, ಎತ್ತುವವರಿಲ್ಲದೆ ಹಾಗೇ ಬಿದ್ದಿತ್ತು. ಎದ್ದ ಮೇಲೆ ಮೊದಲು ಮಾಡಿದ ಕೆಲಸ ಕೀಲಿಗಳನ್ನು ಮೂರು ಜನರಿಗೆ ಹಂಚಿದ್ದು. ಮೂರನೆಯ ಕೀಲಿ ಕೊಟ್ಟದ್ದು ಆ ಇನ್ನೊಂದು ಗುಂಪಿನ ಹಿರಿಯರಿಗೆ. ನಮ್ಮವರು ಅನೇಕರು ಬೇಡ ಅಂದರು. ಕೊಟ್ಟ ಮೇಲೆ ಆ ಗುಂಪಿನವರು ನಮ್ಮ ಜೊತೆ ಮಾತಾಡುವ ರೀತಿಯೇ ಬದಲಾಯಿತು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಚಾಟ್ ಜಾಲವನ್ನು ನಡೆಸುತ್ತಿದ್ದ ಸ್ವಯಂಸೇವಕರು ಒಡೆತನದ ವಿವಾದದಿಂದ ಒಟ್ಟಾಗಿ ಹೊರಬಂದು ಲಿಬೆರಾ ಚಾಟ್ ಕಟ್ಟಿದಾಗ, ಎಷ್ಟೋ ಯೋಜನೆಗಳ ಬಳಕೆದಾರರು ರಾತ್ರೋರಾತ್ರಿ ಜಾಗ ಬದಲಿಸಬೇಕಾಯಿತು. ಜನರೇ ಎದ್ದು ಬಂದರೂ ಹೆಸರು, ಡೊಮೇನ್ ಹಳೆಯ ಕೈಯಲ್ಲೇ ಉಳಿದವು. ಅದನ್ನು ನೋಡಿದಾಗ ಜ್ವರದ ಆ ಹತ್ತು ದಿನ ನೆನಪಾಯಿತು.

2015ರಲ್ಲಿ ಗಾಳಿ ತಿರುಗಿತು. ಉಬುಂಟು 15.04ರಲ್ಲಿ ಎಫ್‌ಎಫ್‌ಎಂಪೆಗ್ ವಾಪಸ್ ಬಂತು, ಡೆಬಿಯನ್ ಕೂಡ ಆ ವರ್ಷ ಅದಕ್ಕೇ ಮರಳುವುದಾಗಿ ತೀರ್ಮಾನಿಸಿತು. ಎರಡು ಬಣ ಒಂದಾಗಲು ತಾವು ಅಡ್ಡಿಯಾಗಬಾರದು ಅಂತ ನೀಡರ್‌ಮೇಯರ್ ಮುಖ್ಯಸ್ಥನ ಸ್ಥಾನವನ್ನೇ ಬಿಟ್ಟುಕೊಟ್ಟರು. ಅವರು ಬಯಸಿದಂತೆ ಎರಡೂ ಒಂದಾಗಲಿಲ್ಲ. ಲಿಬ್‌ಎವಿ ಇನ್ನೂ ಮೂರು ವರ್ಷ ನಡೆದು, 2018ರ ನಂತರ ಅದರ ಹೊಸ ಆವೃತ್ತಿ ಬರಲಿಲ್ಲ.

ಜಗಳದ ಕಾರಣವೇ ಹೋದ ಮೇಲೆ ನಮ್ಮ ಎರಡು ಗುಂಪುಗಳೂ ಒಂದಾಗಬೇಕಲ್ಲ ಅಂತ ಎಲ್ಲರೂ ಕೇಳಿದರು. ಕೂತು ಮಾತಾಡಿದೆವು. ಅಷ್ಟರಲ್ಲಿ ಆ ಗುಂಪಿನವರು ನೇರ ಪ್ರಸಾರ, ಸ್ಟ್ರೀಮಿಂಗ್ ಕಡೆ ಹೋಗಿದ್ದರು. ಅವರ ಮಾತುಕತೆ ನಮ್ಮ ಹೊಸಬರಿಗೆ ತಲೆಬುಡ ತಿಳಿಯುವಂತಿರಲಿಲ್ಲ. ನಮ್ಮವರ “ಫೈಲ್ ತೆರೆಯುತ್ತಿಲ್ಲ” ಅನ್ನುವ ಪ್ರಶ್ನೆಗಳು ಅವರ ಕೆಲಸಕ್ಕೆ ಅಡ್ಡಿಯಾಗುತ್ತಿದ್ದವು. ಹೊಸಬರಿಗೆ ನೆರವಾಗುವ ಭಾಗವನ್ನಷ್ಟೇ ಒಂದು ಮಾಡಿದೆವು, ಉಳಿದದ್ದು ಬೇರೆಯಾಗಿಯೇ ಉಳಿಯಿತು. ಒಂದಾದ ಭಾಗಕ್ಕೆ ನಿಯಮ ತಂದವರು ಅವರು: ಯಾರೊಬ್ಬರೂ ಒಬ್ಬರೇ ಮೆಸೇಜ್ ಅಳಿಸುವಂತಿಲ್ಲ, ಇಬ್ಬರು ಒಪ್ಪಬೇಕು, ಅಳಿಸಿದರೆ ಕಾರಣ ಬರೆಯಬೇಕು. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ತಂತ್ರಾಂಶದಿಂದ ಬೇರೆಯಾಗಿದ್ದ ಐಒ.ಜೆಎಸ್ ಅದೇ ವರ್ಷ ವಾಪಸ್ ಸೇರಿದಾಗಲೂ ಹೀಗೇ ಆಗಿತ್ತು. ಒಂದಾದ ಯೋಜನೆ ಹಿಡಿದದ್ದು ಹೊರಗೆ ಹೋಗಿದ್ದವರ ಆಡಳಿತದ ರೀತಿಯನ್ನು. ಮರಳಿ ಬರುವವರನ್ನು ಹಳೆಯ ನಿಯಮದ ಕೆಳಗೇ ಕೂರಿಸಿದರೆ ಅದು ಸೋಲು ಒಪ್ಪಿಸಿದಂತೆ. ಹಾಗೆ ಯಾರೂ ಮನಸ್ಸಿನಿಂದ ಬರುವುದಿಲ್ಲ.

ಎಲ್ಲ ಒಡಕುಗಳೂ ಹೀಗೆ ದೊಡ್ಡ ವಿಷಯಕ್ಕೇ ಆಗುತ್ತವೆ ಅಂತೇನಿಲ್ಲ. ಆಮೇಲೆ ನಮ್ಮಲ್ಲಿ ಅರ್ಧ ಜನ ಟೆಲಿಗ್ರಾಂಗೆ ಹೋದರು, ಕೆಲವರು ಮ್ಯಾಟ್ರಿಕ್ಸ್ ಅನ್ನುವ ಇನ್ನೊಂದು ಚಾಟ್ ಜಾಲದಲ್ಲಿ ಉಳಿದರು. ಎರಡನ್ನೂ ಜೋಡಿಸುವ ಸೇತುವೆ ಹಾಕಿ ನೋಡಿದೆವು. ಯಾರು ಯಾರಿಗೆ ಉತ್ತರ ಕೊಟ್ಟರು ಅನ್ನುವುದೇ ಕಲಸಿಹೋಗುತ್ತಿತ್ತು, ತೆಗೆದುಬಿಟ್ಟೆವು. ಜಾಗಕ್ಕಾಗಿ ಆದ ಒಡಕಿನ ಬಗ್ಗೆ ನಾನೀಗ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂ ಕಡೆ ಒಬ್ಬೊಬ್ಬರು ಒಳ್ಳೆಯ ಉತ್ತರಗಳನ್ನು ಎತ್ತಿ ಕಣಜಕ್ಕೆ ಹಾಕುತ್ತಿದ್ದರೆ ಸಾಕು. ಒಬ್ಬರಿಗೆ ಅವಮಾನವಾಗಿ ಅವರು ಸುಮ್ಮನಾದರೆ ಮಾತ್ರ ನನಗೆ ಆತಂಕವಾಗುತ್ತದೆ. ಆ ದಿನವೇ ಫೋನ್ ಮಾಡುತ್ತೇನೆ.

ಕಳೆದ ತಿಂಗಳು ಇಬ್ಬರು ಹುಡುಗರು ಬಂದರು. ಗ್ರಾಫಿಕ್ಸ್ ಕಾರ್ಡ್ ಬಳಸಿ ಎನ್‌ಕೋಡ್ ಮಾಡುವವರಿಗೆ ಬೇರೆ ಗುಂಪು ಮಾಡಬೇಕೆಂದಿದ್ದೇವೆ, ನೀವು ಬೇಜಾರು ಮಾಡಿಕೊಳ್ಳುತ್ತೀರೇನೋ ಅಂತ ಅಳುಕಿನಿಂದಲೇ ಹೇಳಿದರು. ಕಣಜದ ಪ್ರತಿ ಹೇಗೆ ತೆಗೆದುಕೊಳ್ಳಬೇಕು ಅಂತ ತೋರಿಸಿಕೊಟ್ಟೆ. ಕೀಲಿ ಮೂರು ಜನರ ಬಳಿ ಇರಲಿ ಅಂದೆ. ಮೊನ್ನೆ ಭಾನುವಾರ ಅವರ ಕಡೆಯಿಂದ ಮೊದಲ ಉತ್ತರ ಕಣಜಕ್ಕೆ ಬಂತು. ಮೇಲ್ಗಡೆ ಮೊದಲ ಸಾಲು ಇತ್ತು, ಕೆಳಗೆ ಇಬ್ಬರ ಹೆಸರೂ ಇತ್ತು. ಕಮಾಂಡಿನಲ್ಲಿ ಒಂದು ಸಣ್ಣ ತಪ್ಪಿತ್ತು. ತಿದ್ದಿ ವಾಪಸ್ ಕಳಿಸಿದ್ದೇನೆ.